ಹೆಲಿಕಾಪ್ಟರ್ ವಾಚು

ವಾಚಿನ ಅಂಗಡಿಗೆ ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಈಗ ಎರಡು ದಿನ ತರಬೇತಿ ಕೊಡುತ್ತಾರೆ. ಎಸಿ ಕೋಣೆ, ಪರದೆಯ ಮೇಲೆ ಚಿತ್ರ, ನಡುವೆ ಸಮೋಸ. ಗಿರಾಕಿಯ ಕಣ್ಣು ನೋಡಿ ಮಾತಾಡಿ ಎಂದು ಹೇಳಿಕೊಡುತ್ತಾರಂತೆ. ನಾನು ಬಳ್ಳಾರಿಯ ಬೆಂಗಳೂರು ರಸ್ತೆಯ ಒಂದೇ ಅಂಗಡಿಯಲ್ಲಿ ಮೂವತ್ತೊಂದು ವರ್ಷ ನಿಂತವನು. ನಿಂತವನು ಎಂದರೆ ನಿಂತವನೇ. ಗಿರಾಕಿ ಇರುವಾಗ ಕೂರುವ ಪದ್ಧತಿ ನಮ್ಮಲ್ಲಿರಲಿಲ್ಲ. ನಾನು ಹೇಳುವುದಿಷ್ಟು: ಕಣ್ಣು ನೋಡಬೇಡಿ, ಅಂಗೈ ನೋಡಿ. ನಮ್ಮ ಕಡೆಯವರು ವಾಚನ್ನು ಕೈಗೆ ಕಟ್ಟಿ ನೋಡುವುದು ಆಮೇಲೆ. ಟೈಮು ಸರಿಯಿದೆಯೇ ಎಂದು ನೋಡುವುದು ಮನೆಗೆ ಹೋದ ಮೇಲೆ. ಮೊದಲು ಅಂಗೈಯಲ್ಲಿಟ್ಟು ಎರಡು ಸಲ ಎತ್ತಿ ಇಳಿಸಿ ತೂಗುತ್ತಾರೆ. ಆ ಎರಡನೆಯ ಸಲಕ್ಕೆ ವ್ಯಾಪಾರ ಆಯಿತೋ ಇಲ್ಲವೋ ತೀರ್ಮಾನವಾಗಿರುತ್ತದೆ.

ಇದನ್ನು ಕಲಿಯಲು ನನಗೆ ಹದಿನೈದು ವರ್ಷ ಹಿಡಿಯಿತು. ಕಾರಣ, ನಾನು ಬಿ.ಎಸ್ಸಿ. ಓದಿದ್ದೆ.

ಸಿರುಗುಪ್ಪ ತಾಲೂಕಿನ ಕರೂರಿನಲ್ಲಿ ನಮ್ಮ ಓಣಿಗೆಲ್ಲ ಮೊದಲ ಡಿಗ್ರಿ ನನ್ನದು. ಅವ್ವ ಭತ್ತದ ನಾಟಿ ಹಚ್ಚುತ್ತ, ಅಪ್ಪ ಪರರ ಗದ್ದೆಗೆ ನೀರು ಕಟ್ಟುತ್ತ ಓದಿಸಿದರು. ರಸಾಯನಶಾಸ್ತ್ರ ಎರಡನೆಯ ಸಲಕ್ಕೆ ಪಾಸಾಯಿತು. ಎರಡನೆಯ ಸಲಕ್ಕೆ ಆದದ್ದರಿಂದ ಎರಡು ಪಟ್ಟು ತಿಳಿಯಿತು ಎಂದು ನಾನು ನಂಬಿದ್ದೆ. ಸರ್ಕಾರಿ ಕೆಲಸದ ದಾರಿ ಕಾಯುತ್ತ ತಾತ್ಕಾಲಿಕವಾಗಿ ವಾಚಿನ ಅಂಗಡಿ ಸೇರಿದೆ. ಆ ತಾತ್ಕಾಲಿಕದಿಂದಲೇ ನಿವೃತ್ತನಾದೆ.

ಅಂಗಡಿ ಇಸ್ಮಾಯಿಲ್ ಸಾಹೇಬರದು. ನಾಲ್ಕನೆಯ ಇಯತ್ತೆ ಓದಿದವರು, ಮೂರು ತಲೆಮಾರಿನ ಗಡಿಯಾರ ರಿಪೇರಿಯ ಮನೆತನ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮೂಲೆಯ ಮೇಜಿನಲ್ಲಿ ಕೂತಿರುತ್ತಿದ್ದರು. ವಾಚಿನ ಬೆನ್ನು ಬಿಚ್ಚಿ ಒಳಗಿನ ದೂಳು ನೋಡಿಯೇ ಗಿರಾಕಿಯ ಊರು ಹೇಳುವರು. ಎರೆಮಣ್ಣಿನಂತೆ ಕಪ್ಪಾಗಿದ್ದರೆ, “ಮೋಕದ ಕಡೀಂದ ಬಂದ್ರೇನ್ರಿ?” ಕೆಂಪಾಗಿದ್ದರೆ, “ಗಣಿ ಕೆಲಸ ಹೆಂಗ ನಡದೈತಿ?” ನನ್ನನ್ನು ಒಮ್ಮೆಯೂ ಹುಲಿಗೆಪ್ಪ ಎಂದು ಕರೆಯಲಿಲ್ಲ. “ಏ ಬಿಎಸ್ಸಿ, ಶೆಟರ್ ಎತ್ತು.” “ಬಿಎಸ್ಸಿ, ಚಾ ಹೇಳು.” ಬೇರೆಯವರು ಕೇಳಿದರೆ ಹೆಮ್ಮೆಯೋ ಕುಚೋದ್ಯವೋ ತಿಳಿಯುತ್ತಿರಲಿಲ್ಲ. ನನಗೂ ತಿಳಿಯಲಿಲ್ಲ. ಹೆಮ್ಮೆ ಎಂದುಕೊಂಡೇ ಎತ್ತುತ್ತಿದ್ದೆ.

ಅದು ಅದಿರಿನ ಕಾಲ. ಊರ ಸುತ್ತಿನ ರಸ್ತೆಗಳಲ್ಲಿ ಲಾರಿಗಳ ಸಾಲು ಹರಿಯುತ್ತಿತ್ತು. ಬೆಳಿಗ್ಗೆ ಒರೆಸಿದ ಗಾಜಿನ ಪೆಟ್ಟಿಗೆಯ ಮೇಲೆ ಮಧ್ಯಾಹ್ನ ಬೆರಳಲ್ಲಿ ಹೆಸರು ಬರೆಯಬಹುದಿತ್ತು, ಕೆಂಪು ಅಕ್ಷರದಲ್ಲಿ. ನಿನ್ನೆ ಸೈಕಲ್ ಮೇಲೆ ಬಂದವನು ಇವತ್ತು ಜೀಪಿನಲ್ಲಿ ಬಂದು “ಇದ್ದದ್ರಾಗ ದೊಡ್ಡದು ತಗೀರಿ” ಎನ್ನುತ್ತಿದ್ದ. ದೊಡ್ಡದು ಎಂದರೆ ಸ್ಟೀಲು. ಹೊಳೆಯಬೇಕು, ಭಾರ ಇರಬೇಕು, ಕೈ ಎತ್ತಿ ನಮಸ್ಕಾರ ಮಾಡಿದರೆ ಜಾರಿ ಬಂದು ಮಣಿಕಟ್ಟಿನ ಮೂಳೆಗೆ ಟಣ್ಣನೆ ಬಡಿಯಬೇಕು.

ಸ್ಟೀಲಿನಲ್ಲಿಯೂ ತೊಡಕುಗಳಿದ್ದವು. ಶನಿವಾರ ಒಂದು ಸ್ಟೀಲ್ ವಾಚೂ ಹೋಗುತ್ತಿರಲಿಲ್ಲ. ಅಂಥ ಒಂದು ಶನಿವಾರ ಒಬ್ಬ ಲಾರಿ ಮಾಲೀಕರಿಗೆ ನಾನು ವಿವರಿಸಿದೆ: “ಇದು ಬರೇ ಕಬ್ಬಿಣ ಅಲ್ರಿ. ಕ್ರೋಮಿಯಂ, ನಿಕ್ಕಲ್ ಕೂಡಿಸಿದ ಮಿಶ್ರಲೋಹ.”

“ಕಬ್ಬಿಣ ಐತೋ ಇಲ್ಲೋ?”

“ಐತ್ರಿ. ಬಹುಭಾಗ ಅದ.”

“ಶನಿದೇವರಿಗೂ ಬಹುಭಾಗನ ಸಾಕು ತಮ್ಮಾ. ಸೋಮವಾರ ಬರ್ತೀನಿ.”

ಶನಿವಾರವೂ ಕಬ್ಬಿಣದ ಅದಿರನ್ನೇ ಲಾರಿಗಟ್ಟಲೆ ಸಾಗಿಸುವ ಮನುಷ್ಯ. ಅದನ್ನು ಕೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಸಾಹೇಬರು ಮೂಲೆಯಿಂದ ಕೆಮ್ಮಿದರು.

ಇನ್ನೊಬ್ಬ ಅದಿರು ಪರೀಕ್ಷಿಸುವ ಕೆಲಸದವನು ಜೇಬಿನಲ್ಲಿ ಸೂಜಿಗಲ್ಲು ಇಟ್ಟುಕೊಂಡೇ ತಿರುಗುವವನು. ನಮ್ಮ ಅತ್ಯುತ್ತಮ ಸ್ಟೀಲ್ ವಾಚಿಗೆ ಅದನ್ನು ಹಿಡಿದ. ಅಂಟಲಿಲ್ಲ. “ನಕಲಿ!” ಎಂದ. ಒಳ್ಳೆಯ ಜಾತಿಯ ಸ್ಟೇನ್‌ಲೆಸ್ ಸ್ಟೀಲಿಗೆ ಸೂಜಿಗಲ್ಲು ಅಂಟುವುದಿಲ್ಲ ಎಂಬುದನ್ನು ನಾನು ಕಾಗದದ ಮೇಲೆ ಚಿತ್ರ ಬರೆದು ತಿಳಿಸುತ್ತಿದ್ದೆ. ಅವನು ಕೇಳುತ್ತ ಕೇಳುತ್ತ ಕಲ್ಲನ್ನು ವಾಚಿನ ಮೇಲೆ ಉಜ್ಜುತ್ತಲೇ ಇದ್ದ. ನನ್ನ ಪಾಠ ಮುಗಿಯುವ ಹೊತ್ತಿಗೆ ಕೀಲಿಯ ವಾಚಿನ ಒಳಗಿನ ಸುರುಳಿಗೆ ಕಾಂತ ಹಿಡಿದು ಅದರ ಮುಳ್ಳುಗಳು ಟೈಮಿಗಿಂತ ಮುಂದೆ ಓಟ ಕಿತ್ತಿದ್ದವು. “ಬಿಎಸ್ಸಿ ಪಾಠ ಮಾಡಿದ್ರ ಗಡಿಯಾರಾನೂ ಬೇಗ ಮನಿಗೆ ಹೋಗಾಕ ನೋಡ್ತೈತಿ” ಎಂದರು ಸಾಹೇಬರು.

ಇಂಥ ದಿನಗಳಲ್ಲಿ ಟೈಟಾನಿಯಂ ವಾಚು ಬಂತು. ಕಂಪನಿಯ ಪ್ರತಿನಿಧಿ ನಾಲ್ಕು ಕೊಟ್ಟು ಹೋದ. ಬೂದಿ ಬಣ್ಣ, ಹೊಳಪಿಲ್ಲ, ಬೆಲೆ ಮಾತ್ರ ಸ್ಟೀಲಿಗಿಂತ ಹೆಚ್ಚು. ತೂಕ ಸ್ಟೀಲಿನ ಅರ್ಧಕ್ಕಿಂತ ತುಸು ಮೇಲೆ. ನಾನು ಕೈಗೆ ತೆಗೆದುಕೊಂಡು ಪುಲಕಿತನಾದೆ. ತುಕ್ಕು ಹಿಡಿಯದ, ಬೆವರಿಗೆ ಬಗ್ಗದ, ಚರ್ಮಕ್ಕೆ ತೊಂದರೆ ಕೊಡದ ಲೋಹ! ಬಳ್ಳಾರಿಯ ಬೇಸಿಗೆಯಲ್ಲಿ ಸ್ಟೀಲಿನ ಚೈನು ರೊಟ್ಟಿಯ ಹಂಚಾಗುತ್ತದೆ; ಇದು ಅಷ್ಟು ಬೇಗ ಸುಡುವುದೂ ಇಲ್ಲ. ಸಾಹೇಬರು ಅಂಗೈಯಲ್ಲಿಟ್ಟು ಎರಡು ಸಲ ಎತ್ತಿ ಇಳಿಸಿದರು.

“ಹಗುರ ಐತಿ” ಎಂದರು.

“ಅದ ಇದರ ಗುಣರಿ.”

“ಗುಣ ನಿನ್ನ ಬುಕ್ಕಿನ್ಯಾಗ. ಬಳ್ಳಾರ್ಯಾಗ ಹಗುರ ಅಂದ್ರ ಬೈಗಳ.”

ನಾಲ್ಕು ತಿಂಗಳು ಒಂದೂ ಹೋಗಲಿಲ್ಲ. ಎಲ್ಲರೂ ಎತ್ತಿದರು, ಎಲ್ಲರೂ ಇಳಿಸಿದರು.

ಈಗ ಮಂಜುನಾಥನ ವಿಷಯ. ಸಿರುಗುಪ್ಪದ ಹುಡುಗ, ಅದಿರು ಸುರಿಯುವ ಒಂದು ಯಾರ್ಡಿನಲ್ಲಿ ಸೂಪರ್‌ವೈಸರು. ನಮ್ಮಲ್ಲೇ ಸ್ಟೀಲ್ ವಾಚು ಕೊಂಡವನು ಒಂದು ತಿಂಗಳಿಗೆ ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದ. ಸೆಕೆಯಲ್ಲೂ ತುಂಬು ತೋಳಿನ ಅಂಗಿ. ಮೂಲೆಯ ಸಾಹೇಬರ ಹೊರತು ಅಂಗಡಿ ಖಾಲಿಯಾಗುವವರೆಗೆ ಕಾದು, ತೋಳಿನ ಗುಂಡಿ ಬಿಚ್ಚಿ ತೋರಿಸಿದ. ಮಣಿಕಟ್ಟಿನ ಸುತ್ತ ವಾಚಿನ ಅಚ್ಚಿನಂತೆಯೇ ಕೆಂಪು ಗುಳ್ಳೆಗಳ ಬಳೆ. ಅಲ್ಲಲ್ಲಿ ನೀರು ಒಸರುತ್ತಿತ್ತು.

“ಏನ್ರೀ ಅಣ್ಣಾ ಇದು? ರೋಗೇನ್ರಿ?”

ಜೀವನದಲ್ಲಿ ಅಷ್ಟು ಸಂತೋಷದಿಂದ ನಾನು ಯಾರ ಹುಣ್ಣನ್ನೂ ನೋಡಿರಲಿಲ್ಲ. ಓದಿದ್ದು ಕೊನೆಗೂ ಉಪಯೋಗಕ್ಕೆ ಬಂದಿತ್ತು. ಕೆಲವರ ಚರ್ಮಕ್ಕೆ ನಿಕ್ಕಲ್ ಆಗುವುದಿಲ್ಲ, ಬೆವರು ಮತ್ತು ದೂಳು ಕೂಡಿದರೆ ಇನ್ನೂ ಕೆರಳುತ್ತದೆ, ಅಂಟುರೋಗವಲ್ಲ, ಡಾಕ್ಟರಿಗೆ ತೋರಿಸು, ಸ್ಟೀಲು ಕಟ್ಟಬೇಡ, ಬೇಕಿದ್ದರೆ ಟೈಟಾನಿಯಂ ಕಟ್ಟು ಎಂದೆ. ಅವನ ಮುಖ ಅರಳಲಿಲ್ಲ.

“ಯಾರಿಗೂ ಹೇಳಬ್ಯಾಡ್ರಿ ಅಣ್ಣಾ. ಮನ್ಯಾಗ ಹೆಣ್ಣು ನೋಡಾಕತ್ತಾರ. ಮೈಮ್ಯಾಲೆ ಏನರ ಐತಿ ಅಂತ ಸುದ್ದಿ ಹಬ್ಬಿದ್ರ ನಿಕ್ಕಲ್ಲು ಅಂತ ಯಾರೂ ಅನ್ನಂಗಿಲ್ಲ. ತೊನ್ನು ಅಂತಾರ, ಕುಷ್ಠ ಅಂತಾರ. ನಮ್ಮ ಮಾವಗ ತಿಳದ್ರಂತೂ ಊರಿಗೆ ಡಂಗುರ.”

ಆಣೆ ಮಾಡಿ ಹೇಳಿದೆ, ನನ್ನ ಬಾಯಿಂದ ಬರುವುದಿಲ್ಲ ಎಂದು.

ಮೂರು ತಿಂಗಳ ಮೇಲೆ ಕುರುಗೋಡಿನ ನಾಗನಗೌಡರು ತಮ್ಮನ ಜೊತೆ ಬಂದರು. ಒಬ್ಬಳೇ ಮಗಳು ಸುಮಂಗಲಾ. ನಿಶ್ಚಿತಾರ್ಥದ ತಟ್ಟೆಯಲ್ಲಿ ಬಟ್ಟೆ, ಉಂಗುರದ ಜೊತೆ ಅಳಿಯನಿಗೆ ವಾಚು ಇಡಬೇಕು. ಹುಡುಗ ಸಿರುಗುಪ್ಪದವನು, ಹೆಸರು ಮಂಜುನಾಥ, ಯಾರ್ಡಿನಲ್ಲಿ ಸೂಪರ್‌ವೈಸರ್ ಎಂದರು. ತಂದೆಯಿಲ್ಲದ ಹುಡುಗ, ಸೋದರಮಾವ ವಿರುಪಾಕ್ಷಗೌಡರೇ ಹಿರಿಯರು, ಅವರ ಟಿಪ್ಪರ್‌ಗಳು ಗಣಿಗೆ ಓಡುತ್ತಿದ್ದವು.

ಗುಳ್ಳೆಗಳ ಬಳೆಯ ಅದೇ ಹುಡುಗ. ಇವರು ಸ್ಟೀಲು ಒಯ್ದರೆ ಆ ಹುಡುಗ ಸಭೆಯಲ್ಲೇ ಅದನ್ನು ಕಟ್ಟಿಕೊಳ್ಳಬೇಕು, ಮದುವೆಯವರೆಗೂ ಬಿಚ್ಚುವಂತಿಲ್ಲ. ಹಸೆಮಣೆಯ ಮೇಲೆ ಕೈ ಹಿಡಿಯುವ ಹೊತ್ತಿಗೆ ಆ ಕೈ ಎಲ್ಲರಿಗೂ ಕಾಣುತ್ತದೆ. ಹೇಳುವ ಹಾಗೂ ಇಲ್ಲ.

ಗೌಡರು ಗಾಜಿನ ಪೆಟ್ಟಿಗೆಯ ಮೇಲೆ ಬೆರಳಿಟ್ಟರು. “ಇದೇನ್ರಿ, ಬೂದಿ ಬಣ್ಣದ್ದು?”

ದೇವರೇ ಆ ಬೆರಳನ್ನು ಅಲ್ಲಿಗೆ ಇಳಿಸಿದ ಎಂದುಕೊಂಡೆ. ಟೈಟಾನಿಯಂ ಹೊರತೆಗೆದು ಶುರುಮಾಡಿದೆ. ಗೌಡರು ಸುಲಭಕ್ಕೆ ಬಗ್ಗಲಿಲ್ಲ. ಹೊಳಪಿಲ್ಲ ಎಂದರು, ತೂಕವಿಲ್ಲ ಎಂದರು, ಅಲ್ಯೂಮಿನಿಯಂ ತಾಟಿನಂತಿದೆ ಎಂದರು. ಒಂದು ತಾಸು ಬೆವರು ಸುರಿಸಿದೆ. ಕೊನೆಗೆ ಅವರು ತಮ್ಮನನ್ನು ಹತ್ತಿರ ಕರೆದು ನನ್ನನ್ನು ಕೇಳಿದರು.

“ನೀವೇನು ಓದೀರಿ?”

“ಬಿ.ಎಸ್ಸಿ.ರಿ. ಕೆಮಿಸ್ಟ್ರಿ.”

“ನೋಡಪಾ, ಓದಿದವರು ಹೇಳಾಕತ್ತಾರ, ಇದ ಚಲೋ ಅಂತ. ಇನ್ನೊಮ್ಮೆ ಹೇಳ್ರಿ, ಇವನೂ ಕೇಳ್ಲಿ.”

ಇನ್ನೊಮ್ಮೆ ಹೇಳಿದೆ, ಇನ್ನೂ ಚೆನ್ನಾಗಿ. ಅವರು ಹೋದ ಮೇಲೆ ಸಾಹೇಬರ ಕಡೆ ತಿರುಗಿ ಕಾಲರು ಸರಿಮಾಡಿಕೊಂಡೆ. ಯಾರಿಗೂ ಕೊಡಲಾಗದ ವಾಚನ್ನು ಮಾರಿದ್ದೆ, ಆಣೆ ಮುರಿಯದೆ ಒಂದು ಮದುವೆ ಉಳಿಸಿದ್ದೆ. ಸಾಹೇಬರು ಭೂತಗನ್ನಡಿ ತೆಗೆಯಲಿಲ್ಲ. “ತಟ್ಟ್ಯಾಗ ಇಟ್ಟಾಗ ಯಾರಾರ ಎತ್ತಿ ನೋಡ್ತಾರ, ಬಿಎಸ್ಸಿ” ಎಂದರು ಅಷ್ಟೇ.

ಎತ್ತಿ ನೋಡಿದರು. ನಿಶ್ಚಿತಾರ್ಥದ ಮರುದಿನ ಹತ್ತು ಗಂಟೆಗೆ ಎರಡು ಜೀಪು ಅಂಗಡಿಯ ಮುಂದೆ ನಿಂತವು. ಮೊದಲಿನದರಿಂದ ವಿರುಪಾಕ್ಷಗೌಡರು ಇಳಿದರು. ಹಿಂದಿನದರಿಂದ ನಾಗನಗೌಡರು, ಅವರ ತಮ್ಮ. ಕೊನೆಗೆ ಮಂಜುನಾಥ, ತುಂಬು ತೋಳಿನ ಅಂಗಿಯಲ್ಲಿ. ನನ್ನನ್ನು ನೋಡಿ ಅವನ ಮುಖ ಸುಣ್ಣವಾಯಿತು.

ವಿರುಪಾಕ್ಷಗೌಡರು ವಾಚನ್ನು ಗಾಜಿನ ಮೇಲೆ ಎಸೆದರು. ಎಸೆದರೂ ಅದು ಸದ್ದು ಮಾಡಲಿಲ್ಲ. ಅದು ಅವರ ಸಿಟ್ಟನ್ನು ಇನ್ನೂ ಹೆಚ್ಚಿಸಿತು.

“ಇದು ವಾಚೋ, ಜಾತ್ರಿ ಆಟಿಗಿ ಸಾಮಾನೋ? ನಿನ್ನೆ ನಮ್ಮ ಮಂದಿ ಎಲ್ಲಾ ಕೈಯಾಗ ಹಿಡದು ನಕ್ಕಾರ. ನಾಗನಗೌಡ್ರು ನಮ್ಮನ್ನ ಭಾಳ ಹಗುರ ಮಾಡಿದ್ರು. ಲಗ್ನದ ದಿನ ಆಮ್ಯಾಲೆ ನೋಡೋಣು. ಮೊದಲ ಇದಕ್ಕ ಜವಾಬು ಬೇಕು.”

“ನಾ ಏನೂ ಮಾಡಿಲ್ರಿ ಬೀಗ್ರ” ಎಂದರು ನಾಗನಗೌಡರು, ಕೈಜೋಡಿಸಿ. “ಇಗಾ, ಈ ಬಿ.ಎಸ್ಸಿ. ಓದಿದವರು ಹೇಳಿದ್ರು. ಬೇಕಾದ್ರ ನಮ್ಮ ತಮ್ಮನ್ನ ಕೇಳ್ರಿ, ಎರಡು ಸಲ ಹೇಳ್ಯಾರ.”

ಎಲ್ಲರೂ ನನ್ನ ಕಡೆ ತಿರುಗಿದರು. ಇಲ್ಲಿ ನಾನು ಮಾಡಿದ ಕೆಲಸವನ್ನು ಕಿರಿಯರು ಗಮನಿಸಬೇಕು, ಎಂದೂ ಮಾಡಬಾರದು. ವಿಜ್ಞಾನದಿಂದ ಗೆಲ್ಲುತ್ತೇನೆಂದು ಪಕ್ಕದ ಬಂಗಾರದ ಅಂಗಡಿಯಿಂದ ತಕ್ಕಡಿ ತರಿಸಿದೆ. ಒಂದು ತಟ್ಟೆಯಲ್ಲಿ ವಿರುಪಾಕ್ಷಗೌಡರ ಸ್ಟೀಲ್ ವಾಚು, ಇನ್ನೊಂದರಲ್ಲಿ ಅಳಿಯನದು. ಸ್ಟೀಲಿನ ತಟ್ಟೆ ಕೆಳಗೆ ಕೂತಿತು, ನಮ್ಮದು ಗಾಳಿಗೆ ಎದ್ದಿತು. “ನೋಡಿದ್ರಲ್ಲ! ಇಷ್ಟು ಕಡಿಮಿ ಐತ್ರಿ ತೂಕ!” ಎಂದೆ, ಗೆದ್ದವನಂತೆ.

ದಿನ ಬೆಳಗಾದರೆ ಲಾರಿಗಳನ್ನು ವೇಬ್ರಿಡ್ಜ್ ಮೇಲೆ ಹತ್ತಿಸಿ, ತೂಕ ಕಡಿಮೆ ಬಂದರೆ ಡ್ರೈವರನ ಕೊರಳಪಟ್ಟಿ ಹಿಡಿಯುವ ಮನುಷ್ಯನ ಮುಂದೆ ಕಡಿಮೆ ತೂಕವನ್ನು ಸಾಕ್ಷಿಸಮೇತ ತೋರಿಸಿದ್ದೆ.

“ಮತ್ತ ಇದ್ರಾಗೇನು ಉಳೀತು?” ಎಂದರು ಅವರು, ಬಹಳ ತಣ್ಣಗೆ. “ಹೊರಡ್ರಿ ಎಲ್ಲಾರೂ. ಮಂಜ್ಯಾ, ನಡಿ ಜೀಪಿಗೆ. ಈ ಸಂಬಂಧ ಬ್ಯಾಡ.”

ನಾಗನಗೌಡರು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದರು. ಮಂಜುನಾಥ ಕದಲಲಿಲ್ಲ. ಬಲಗೈಯಿಂದ ಎಡಗೈಯ ತೋಳನ್ನು ಬಿಗಿಯಾಗಿ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದ. ಹೇಳಬೇಡಿ ಎನ್ನುತ್ತಿದ್ದಾನೋ ಹೇಳಿಬಿಡಿ ಎನ್ನುತ್ತಿದ್ದಾನೋ ತಿಳಿಯಲಿಲ್ಲ. ನನಗೆ ತಡೆಯಲಾಗಲಿಲ್ಲ.

“ಗೌಡ್ರ, ಅಸಲು ವಿಷಯ ಏನಂದ್ರ, ಹುಡುಗನ ಕೈಗೆ...”

ಮೂಲೆಯಲ್ಲಿ ಢಣಾರನೆ ಸದ್ದಾಯಿತು. ಸಾಹೇಬರ ಸ್ಕ್ರೂ ಡಬ್ಬಿ ನೆಲಕ್ಕೆ ಬಿದ್ದು, ಎಳ್ಳುಕಾಳಿನಷ್ಟು ಸಣ್ಣ ಸ್ಕ್ರೂಗಳೆಲ್ಲ ಚೆಲ್ಲಾಪಿಲ್ಲಿ. ಅದರ ಹಿಂದೆ, ಮುಂದೆ ಎಂದೂ ಅವರ ಕೈಯಿಂದ ಒಂದು ಸ್ಕ್ರೂ ಬಿದ್ದದ್ದನ್ನೂ ನಾನು ನೋಡಿಲ್ಲ.

“ಬಿಎಸ್ಸಿ, ಆರಿಸು” ಎಂದರು. ನಾನು ನೆಲಕ್ಕೆ ಕೂತೆ. ಅವರು ಭೂತಗನ್ನಡಿ ಹಣೆಗೇರಿಸಿ ಬಾಗಿಲ ತನಕ ಬಂದರು. “ಗೌಡ್ರ, ಹೋಗ್ರಿ, ಬ್ಯಾಡ ಅನ್ನಂಗಿಲ್ಲ. ಒಂದ ಮಾತು. ನಮ್ಮೂರ ಮ್ಯಾಲೆ ದೊಡ್ಡ ಮಂದಿ ಹೆಲಿಕಾಪ್ಟರ್ ಹಾರ್ತಾವಲ್ರಿ, ನೋಡೀರಿ?”

“ದಿನಾ ನೋಡ್ತೀವಿ. ಅದಕ್ಕೇನು?”

“ಅದ್ರಾಗ ಹಾಕೋ ಲೋಹ ಇದು.”

ವಿರುಪಾಕ್ಷಗೌಡರು ನಿಂತರು.

“ಹೆಲಿಕಾಪ್ಟರ್ ಮಾಲು?”

“ವಿಮಾನ, ಹೆಲಿಕಾಪ್ಟರು. ಭಾರ ಇದ್ರ ಮ್ಯಾಲೆ ಹೆಂಗ ಏಳಬೇಕ್ರಿ ಅದು? ಲಾರಿಗೆ ಕಬ್ಬಿಣ, ಹೆಲಿಕಾಪ್ಟರಿಗೆ ಇದು. ನಾಗನಗೌಡ್ರು ಅಳಿಯಗ ಲಾರಿ ಮಾಲು ಕೊಡಬಾರದು ಅಂತ ಮಾಡ್ಯಾರ. ನಿಮಗ ಬ್ಯಾಡ ಅಂದ್ರ ಲಾರಿ ಮಾಲ ಕೊಡ್ತೀನಿ, ನಮಗೇನೈತಿ?”

ವಿರುಪಾಕ್ಷಗೌಡರು ಹಿಂದಕ್ಕೆ ಬಂದರು. ತಕ್ಕಡಿಯ ಮೇಲಿದ್ದ ವಾಚನ್ನು ತೆಗೆದು ಅಂಗೈಯಲ್ಲಿ ಎರಡು ಸಲ ಎತ್ತಿ ಇಳಿಸಿದರು. ಈ ಸಲ ಇಳಿಸುವುದಕ್ಕಿಂತ ಎತ್ತುವುದರ ಮೇಲೆ ಗಮನವಿತ್ತು. ಬೀಗರ ಕಡೆ ನೋಡಿದರು. “ಮೊದಲ ಹೇಳಬಾರ್ದೇನ್ರಿ ನಾಗನಗೌಡ್ರ?” ಎಂದರು. ಆಮೇಲೆ ಸ್ವರ ತಗ್ಗಿಸಿ ಸಾಹೇಬರಿಗೆ, “ನನಗೊಂದು ತಗೀರಿ.”

ನಾನು ಗಾಜಿನ ಪೆಟ್ಟಿಗೆಯ ಕೆಳಗೆ ಮೊಣಕಾಲೂರಿ ಸ್ಕ್ರೂ ಆರಿಸುತ್ತಿದ್ದೆ. ಸಾಂದ್ರತೆ, ಪರಮಾಣು, ಮಿಶ್ರಲೋಹ ಎಲ್ಲ ಅಲ್ಲೇ ನೆಲದ ಮೇಲಿದ್ದವು.

ಆ ವಾರವೇ ಲಗ್ನದ ದಿನ ಗೊತ್ತಾಯಿತು. ಮುಂದಿನ ಎರಡು ವರ್ಷ ನಮ್ಮಲ್ಲಿ ಟೈಟಾನಿಯಂ ಎಂದು ಕೇಳಿದವರೇ ಇಲ್ಲ. “ಹೆಲಿಕಾಪ್ಟರ್ ವಾಚು ಐತೇನ್ರಿ?” ಎನ್ನುತ್ತಿದ್ದರು. ಶನಿವಾರ ಹೆಚ್ಚು ಹೋಗುತ್ತಿತ್ತು, ಕಬ್ಬಿಣವಲ್ಲವಲ್ಲ. ಒಬ್ಬರು ಇದನ್ನು ಕಟ್ಟಿಕೊಂಡು ಹೆಲಿಕಾಪ್ಟರ್ ಹತ್ತಬಹುದೇ ಎಂದು ಕೇಳಿದರು. ಹತ್ತಿಸಿಕೊಂಡರೆ ಹತ್ತಬಹುದು ಎಂದೆ.

ಹೆಲಿಕಾಪ್ಟರ್ ವಾಚಿಗೂ ಅದರದೇ ಕಷ್ಟಗಳಿದ್ದವು. ಮಾರುವವರು ಇದನ್ನು ಮೊದಲೇ ಹೇಳಬೇಕು, ನಾವು ಹೇಳಲಿಲ್ಲ. ನಾವು ಮಾರಿದ ಜಾತಿಯ ಟೈಟಾನಿಯಂಗೆ ಗೀರು ಬೇಗ ಬೀಳುತ್ತಿತ್ತು. ಸ್ಟೀಲಿಗೆ ಗೀರು ಬಿದ್ದರೆ ಚಕ್ರಕ್ಕೆ ಹಿಡಿದು ಪಾಲಿಶ್ ಮಾಡಿದರಾಯಿತು, ಮದುಮಗನಂತಾಗುತ್ತದೆ. ವಿರುಪಾಕ್ಷಗೌಡರು ಎರಡೇ ತಿಂಗಳಿಗೆ ಗೀರುಗಳ ವಾಚು ಹಿಡಿದು ಬಂದರು.

“ಹೆಲಿಕಾಪ್ಟರಿಗೆ ಗೀರು ಬೀಳ್ತಾವೇನ್ರಿ ಸಾಬ್ರ?”

“ಹಕ್ಕಿ ಬಡದ್ರ ಬೀಳ್ತಾವ್ರಿ.”

ಸಾಹೇಬರಿಲ್ಲದಾಗ ನಾನೇ ಅದನ್ನು ಸ್ಟೀಲಿನ ಚಕ್ರಕ್ಕೆ ಹಿಡಿದೆ. ಗೀರು ಹೋಗಲಿಲ್ಲ, ಮಂಕು ಬಣ್ಣದ ನಡುವೆ ಒಂದು ಕಡೆ ಮಾತ್ರ ಹೊಳಪು ಬಂತು, ಅರ್ಧ ಮುಖಕ್ಕೆ ಪೌಡರ್ ಬಳಿದಂತೆ. ಅವರಿಗೆ ಹೊಸದನ್ನೇ ಕೊಡಬೇಕಾಯಿತು. ಹಾಗಾಗಿ ಯಾವುದು ಒಳ್ಳೆಯದು ಎಂದು ಕೇಳಿದರೆ ನಾನು ಇವತ್ತೂ ಹೇಳುವುದಿಲ್ಲ. ಯಾರ ಕೈಗೆ ಎಂದು ಕೇಳುತ್ತೇನೆ. ಹೊಳಪು ಬೇಕೆನ್ನುವವರಿಗೆ ಸ್ಟೀಲು. ವಾಚು ಕಟ್ಟಿದ್ದೇ ಮರೆಯಬೇಕೆನ್ನುವವರಿಗೆ ಟೈಟಾನಿಯಂ. ನಮ್ಮೂರಲ್ಲಿ ಆಗ ಮರೆಯುವುದಕ್ಕಾಗಿ ಯಾರೂ ವಾಚು ಕೊಳ್ಳುತ್ತಿರಲಿಲ್ಲ.

ಆಮೇಲೆ ಗಣಿಗಳು ನಿಂತವು. ಲಾರಿಗಳು ನಿಂತಲ್ಲೇ ನಿಂತವು, ಆಕಾಶವೂ ಖಾಲಿಯಾಯಿತು. ಹೆಲಿಕಾಪ್ಟರ್ ವಾಚನ್ನು ಕೇಳುವವರಿಲ್ಲವಾದರು. ವಿರುಪಾಕ್ಷಗೌಡರು ಬಂದು ಮತ್ತೆ ಸ್ಟೀಲೇ ಕೊಂಡರು. “ಮನಶಾ ಅಂದ ಮ್ಯಾಲೆ ತೂಕ ಇರಬೇಕ್ರಿ” ಎಂದರು. ಸಾಹೇಬರೂ ತೀರಿಕೊಂಡರು. ಅವರ ಮಗ ನನ್ನನ್ನು “ಹುಲಿಗೆಪ್ಪನವರೇ” ಎಂದು ಕರೆಯುತ್ತಿದ್ದ. ನನಗೆ ಅದು ಒಗ್ಗಲೇ ಇಲ್ಲ.

ನಾನು ಕೆಲಸ ಬಿಡುವ ತಿಂಗಳು ಒಬ್ಬ ಹೆಣ್ಣುಮಗಳು ಬ್ಯಾಟರಿ ಹಾಕಿಸಲು ಬಂದಳು. ಚೀಲದಿಂದ ತೆಗೆದದ್ದು ಬೂದಿ ಬಣ್ಣದ ವಾಚು, ಮೈಯೆಲ್ಲ ಗೀರು. ನೋಡಿದ ಕೂಡಲೇ ಗುರುತು ಹಿಡಿದೆ.

“ಮಂಜುನಾಥನ ಮನಿಯವರೇನ್ರಿ?”

“ಹೌದ್ರಿ. ನೀವು ಬಿಎಸ್ಸಿ ಅಣ್ಣಾರು ಹೌದಲ್ರಿ?”

ಬ್ಯಾಟರಿ ಬದಲಿಸುತ್ತ, ಇಷ್ಟು ವರ್ಷ ಬಾಯಿಗೆ ಹಾಕಿಕೊಂಡಿದ್ದ ಬೀಗ ಸ್ವಲ್ಪ ಸಡಿಲಿಸಿದೆ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಗುಟ್ಟೇನು? ಅವತ್ತು ನಿಮ್ಮ ತಂದೆಗೆ ಸ್ಟೀಲು ಬೇಡವೆಂದು ಒಪ್ಪಿಸಲು ನಾನು ಪಟ್ಟ ಪಾಡು, ಅದರ ಹಿಂದೊಂದು ಕಾರಣವಿತ್ತು ಎಂದು ಶುರುಮಾಡಿದೆ.

ಸುಮಂಗಲಾ ಸೆರಗು ಬಾಯಿಗಿಟ್ಟು ನಕ್ಕಳು.

“ಅಣ್ಣಾರ, ಆ ಕಾರಣ ನಾ ಮೊದಲ ನೋಡಿದ್ದೆ. ಹೆಣ್ಣು ನೋಡಾಕ ಬಂದಾಗ ಇವರು ಚಾ ತಗೊಳ್ಳಾಕ ಕೈ ಚಾಚಿದ್ರಲ್ರಿ, ತೋಳು ಸರೀತು. ನನಗೂ ಪ್ಯಾಟಿ ಜುಮುಕಿ ಹಾಕ್ಕೊಂಡ್ರ ಕಿವ್ಯಾಗ ಹಂಗ ಆಗ್ತಿತ್ತು. ಗೊತ್ತಾತು. ಹುಡುಗ ಚಲೋ ಅದಾನ, ಕೈಗೆ ಉಕ್ಕು ಆಗಂಗಿಲ್ಲ, ಬ್ಯಾರೆ ಯಾವುದರ ತಗೊಂಡ ಬಾ ಅಂತ ಅಪ್ಪಗ ಹೇಳಿದಾಕಿ ನಾನ.”

ನನ್ನ ಕೈಯಲ್ಲಿದ್ದ ಸ್ಕ್ರೂ ಡ್ರೈವರ್ ನಿಂತಿತು. ಆ ಬೂದಿ ಬಣ್ಣದ ವಾಚಿನ ಮೇಲೆ ಇಳಿದ ಬೆರಳು ದೇವರದಾಗಿರಲಿಲ್ಲ.

“ಮತ್ತ ಒಂದು ತಾಸು ನನ್ನ ಕೂಡ ವಾದ ಮಾಡಿದ್ರಲ್ಲವಾ?”

“ಅದೂ ಮನ್ಯಾಗ ಮಾತಾಡಿಕೊಂಡ ಬಂದದ್ದರಿ. ಹಗುರ ವಾಚು ಇಟ್ರ ಬೀಗರು ಸುಮ್ಮನ ಬಿಡ್ತಾರೇನ್ರಿ? ನಾವ ಆರಿಸಿದ್ವಿ ಅಂದ್ರ ಯಾಕ ಅಂತ ಕೇಳ್ತಾರ. ಆ ಅಂಗಡ್ಯಾಗ ಒಬ್ಬರು ಬಿ.ಎಸ್ಸಿ. ಓದಿದವರು ಅದಾರಂತ, ಅವರ ಬಾಯಿಂದನ ಬರ್ಲಿ ಅಂದ ಅಪ್ಪ. ನಾಳೆ ಮಾತು ಬಂದ್ರ, ಓದಿದವರು ಹೇಳಿದ್ರು ಅನ್ನಾಕ ಬರ್ತೈತಲ್ರಿ. ಸಾಕ್ಷಿಗೆ ಅಂತ ಕಾಕಾನ್ನ ಕರ್ಕೊಂಡ ಬಂದಿದ್ದ.” ಸಮಾಧಾನ ಹೇಳುವಂತೆ ಸೇರಿಸಿದಳು: “ನಿಮ್ಮ ಡಿಗ್ರಿ ನಮಗ ಭಾಳ ಉಪಯೋಗಕ್ಕ ಬಂತ್ರಿ ಅಣ್ಣಾರ.”

ವಾಚಿನ ಬೆನ್ನು ಮುಚ್ಚಿದೆ. ಗೀರು ತೆಗೆಯಬೇಕೇ, ಕಂಪನಿಗೆ ಕಳಿಸಬಹುದು ಎಂದೆ. “ಬ್ಯಾಡ್ರಿ, ಇರ್ಲಿ. ಅವರು ಒಂದಿನಾನೂ ಬಿಚ್ಚಿಲ್ಲ, ಅದಕ್ಕ ಬಿದ್ದಾವ” ಎಂದಳು. ಅಂಗೈಯಲ್ಲಿಟ್ಟು, ಎಲ್ಲರಂತೆ, ಎರಡು ಸಲ ಎತ್ತಿ ಇಳಿಸಿ ಚೀಲಕ್ಕೆ ಹಾಕಿಕೊಂಡು ಹೋದಳು.

ಅವತ್ತು ಮನೆಗೆ ಹೋದವನೇ ಕುರ್ಚಿಯ ಮೇಲೆ ಹತ್ತಿ ಗೋಡೆಯ ಮೇಲಿನ ಡಿಗ್ರಿ ಸರ್ಟಿಫಿಕೇಟನ್ನು ಕೆಳಗಿಳಿಸಿದೆ. ಗಾಜಿನ ಮೇಲೆ ಇನ್ನೂ ಆ ಕಾಲದ ಕೆಂಪು ದೂಳಿತ್ತು. ಒರೆಸುವ ಮೊದಲು, ಕಟ್ಟು ಸಮೇತ, ಅಂಗೈಯಲ್ಲಿಟ್ಟು ಒಮ್ಮೆ ಎತ್ತಿ ನೋಡಿದೆ. ಅಂಥ ಭಾರವೇನಿರಲಿಲ್ಲ. ಒಂದು ಮದುವೆಗೆ ಗುರಾಣಿಯಾಗಿ ಹಿಡಿಯಲು ಸಾಕಾಗಿತ್ತು. ಚೆನ್ನಾಗಿ ಒರೆಸಿ ಮತ್ತೆ ಅದೇ ಮೊಳೆಗೆ ತೂಗುಹಾಕಿದೆ.